ಡಬ್ಬಿಗೆ ನಾಲ್ಕು ಸ್ಟಾರ್, ಅದರೊಳಗಿನ ಅಂಗಡಿಗೆ ಒಂದು: ಹೊಸ ಕಂಪನಿ ಗೇಮ್ ಕನ್ಸೋಲ್ ಜೊತೆ ಮೂರು ತಿಂಗಳು

ಮೊದಲೇ ಹೇಳ್ಬಿಡ್ತೀನಿ, ಈ ಕನ್ಸೋಲ್ (ಟಿವಿಗೆ ಸಿಕ್ಕಿಸಿ ಗೇಮ್ ಆಡೋ ಡಬ್ಬಿ) ಮಾಡಿದ ಕಂಪನಿ ಹೆಸರು ಬರೆಯಲ್ಲ. ಕೈಬೆರಳಲ್ಲಿ ಎಣಿಸೋಷ್ಟು ಜನ ಸೇರ್ಕೊಂಡು ಮಾಡಿರೋ ಕಂಪನಿ, ನನ್ನ ಒಂದು ರಿವ್ಯೂ ಇಂದ ಅವರ ಹೊಟ್ಟೆ ಮೇಲೆ ಹೊಡೆಯೋದು ಬೇಡ, ಮತ್ತೆ ನಾನು ಹೇಳೋದು "ನಾವೂ ಒಂದು ಕನ್ಸೋಲ್ ಮಾಡಿದ್ದೀವಿ" ಅಂತ ಬರೋ ಎಲ್ಲಾ ಡಬ್ಬಿಗಳಿಗೂ ಹೆಚ್ಚುಕಮ್ಮಿ ಹೊಂದುತ್ತೆ. ಮುಂಗಡ ದುಡ್ಡು ಕಟ್ಟಿ ಬುಕ್ ಮಾಡಿದ್ದೆ, ಹೇಳಿದ ತಾರೀಖಿಗಿಂತ ಏಳು ತಿಂಗಳು ಲೇಟಾಗಿ ಬಂತು, ಬಂದು ಮೂರು ತಿಂಗಳಾಯ್ತು, ವಾರಕ್ಕೆ ಮೂರ್ನಾಲ್ಕು ದಿನ ಆಡಿದ್ದೀನಿ. ಸಿಟ್ಟಲ್ಲಿ ಬರೀತಿಲ್ಲ. ಸಿಟ್ಟು ಎರಡನೇ ತಿಂಗಳಲ್ಲೇ ಇಳೀತು, ಆಮೇಲೆ ಇದು ಯಾಕೆ ಹಿಂಗಾಯ್ತು ಅನ್ನೋ ಕುತೂಹಲ ಶುರುವಾಯ್ತು, ಅದಕ್ಕೇ ಇಷ್ಟುದ್ದ.

ಡಬ್ಬಿ ಬಗ್ಗೆ ಕಂಪ್ಲೇಂಟ್ ಕಮ್ಮಿ. ಕೈಯಲ್ಲಿ ಹಿಡಿದ್ರೆ ಗಟ್ಟಿಯಾಗಿದೆ, ಮೂಲೆಗಳು ಚೂಪಿಲ್ಲ, ಫ್ಯಾನ್ ಸದ್ದು ಇಲ್ವೇ ಇಲ್ಲ ಅನ್ನಬಹುದು, ಎಲ್ಲರೂ ಮಲಗಿದ ಮೇಲೆ ಅದೇ ರೂಮಲ್ಲಿ ಕೂತು ಆಡಿದ್ರೂ ಯಾರಿಗೂ ಎಚ್ಚರ ಆಗಿಲ್ಲ. ಕಂಟ್ರೋಲರ್ ಅಂತೂ ಪರವಾಗಿಲ್ಲ ಅನ್ನೋದಕ್ಕಿಂತ ಒಂದು ಕೈ ಮೇಲೆ, ಹಿಂದಿನ ಟ್ರಿಗರ್ ಒತ್ತಿದ್ರೆ ಹಿತವಾದ ಬಿಗಿ ಇದೆ. ಎಡಗಡೆ ಸ್ಟಿಕ್ ಮಾತ್ರ ಹದಿನೈದು ದಿನಕ್ಕೇ ಒಂದು ಕಡೆ ವಾಲೋಕೆ ಶುರು ಮಾಡ್ತು, ಕೈ ಬಿಟ್ರೂ ಗೇಮಲ್ಲಿ ಮನುಷ್ಯ ತಾನಾಗಿ ಗೋಡೆ ಕಡೆ ನಡ್ಕೊಂಡು ಹೋಗ್ತಾನೆ.

ವಾರಂಟಿ ಹೋದ್ರೆ ಹೋಗ್ಲಿ ಅಂತ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆ. ಬೋರ್ಡ್ ಮೇಲೆ ಮೆಮೊರಿ ಚಿಪ್ ಕೂರಿಸೋಕೆ ನಾಲ್ಕು ಜಾಗ ಮಾಡಿದ್ದಾರೆ, ಎರಡರಲ್ಲಿ ಚಿಪ್ ಇದೆ, ಇನ್ನೆರಡು ಬರೀ ಬೆಳ್ಳಗೆ ಹೊಳೆಯೋ ಬೆಸುಗೆ ಚುಕ್ಕೆಗಳು. ಡಿಸೈನ್ ಮಾಡಿದೋನು ನಾಲ್ಕು ಬೇಕು ಅಂದಿದ್ದಾನೆ, ದುಡ್ಡಿನ ಲೆಕ್ಕ ನೋಡೋನು ಎರಡು ಸಾಕು ಅಂದಿದ್ದಾನೆ. ಕನ್ಸೋಲ್ ವ್ಯಾಪಾರದ ಕಥೆಯೆಲ್ಲಾ ಆ ಎರಡು ಖಾಲಿ ಜಾಗದಲ್ಲೇ ಇದೆ ಅಂತ ಆವತ್ತು ಗೊತ್ತಾಗ್ಲಿಲ್ಲ, ಸುಮ್ನೆ ಫೋಟೋ ತೆಗ್ದು ಮುಚ್ಚಿಟ್ಟೆ.

ಈಗ ಸ್ಟೋರ್ ವಿಷಯ. ಮೊದಲ ದಿನ ಆನ್ ಮಾಡಿ ಗೇಮ್ ಅಂಗಡಿಗೆ ಹೋದೆ, ಕೆಳಗೆ ಸ್ಕ್ರಾಲ್ ಮಾಡ್ತಾ ಹೋದೆ, ಒಂದು ನಿಮಿಷಕ್ಕೆ ತಳ ಮುಟ್ತು. 38 ಗೇಮ್. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಫೋನಲ್ಲಿ ಯಾವತ್ತೋ ಆಡಿ ಬಿಟ್ಟಿದ್ದು, ದೊಡ್ಡ ಪರದೆಗೆ ಹಿಗ್ಗಿಸಿದ್ದಾರೆ ಅಷ್ಟೇ, ಒಂದರಲ್ಲಂತೂ "ಪರದೆ ಮುಟ್ಟಿ ಶುರು ಮಾಡಿ" ಅಂತ ಇನ್ನೂ ಬರುತ್ತೆ, ಟಿವಿ ಮುಟ್ಟಬೇಕಾ ಗುರು? ಒಂದೆರಡು ನಿಜಕ್ಕೂ ಚೆನ್ನಾಗಿರೋವು ಇವೆ, ಒಂದು ಕಾರ್ ರೇಸ್, ಒಂದು ಪಝಲ್, ಎರಡನ್ನೂ ಕೊಂಡೆ. ಕಾರ್ ರೇಸಲ್ಲಿ ಆನ್‌ಲೈನ್ ಆಡೋಣ ಅಂತ ಕೂತ್ರೆ "ಆಟಗಾರರನ್ನ ಹುಡುಕ್ತಿದ್ದೀವಿ" ಅಂತ ಚಕ್ರ ತಿರುಗ್ತಾನೇ ಇತ್ತು, ಗಡಿಯಾರ ನೋಡ್ಕೊಂಡೇ ಕೂತಿದ್ದೆ, 11 ನಿಮಿಷ ಆದ್ಮೇಲೆ ಒಬ್ಬ ಸಿಕ್ಕಿದ. ಮಾರನೇ ದಿನವೂ ಅದೇ ಹೆಸರು. ಮೂರನೇ ದಿನವೂ ಅವನೇ. ಪಾಪ ಅವನಿಗೂ ನಾನೊಬ್ಬನೇ ಸಿಗ್ತಿದ್ದೆ ಅನ್ಸುತ್ತೆ.

ನನ್ ಗೆಳೆಯ ಒಬ್ಬ ಸಣ್ಣ ಗೇಮ್ ಸ್ಟುಡಿಯೋದಲ್ಲಿ ಕೆಲಸ ಮಾಡ್ತಾನೆ. ನೀವು ಯಾಕೋ ಇದಕ್ಕೆ ಗೇಮ್ ಹಾಕಿಲ್ಲ ಅಂತ ಕೇಳಿದೆ. "ಎಷ್ಟು ಜನ ತಗೊಂಡಿದ್ದಾರೋ ಅದನ್ನ?" ಅಂದ. ಗೊತ್ತಿಲ್ಲ ಅಂದೆ. "ಅವರೂ ಹೇಳಲ್ಲ. ಒಂದು ಹೊಸ ಡಬ್ಬಿಗೆ ಗೇಮ್ ಕೂರಿಸ್ಬೇಕು ಅಂದ್ರೆ ನಮ್ಮಿಬ್ಬರು ಮೂರು ತಿಂಗಳು ಬೇರೆ ಕೆಲಸ ಬಿಟ್ಟು ಕೂರ್ಬೇಕು, ಟೆಸ್ಟಿಂಗ್ ಬೇರೆ, ಆಮೇಲೆ ಪ್ರತಿ ಅಪ್ಡೇಟ್ ಅಲ್ಲಿಗೂ ಕಳಿಸ್ತಾ ಇರ್ಬೇಕು. ಜನ ಬರ್ಲಿ, ನಾವೂ ಬರ್ತೀವಿ." ಜನ ಏನಂತಾರೆ? ಗೇಮ್ ಬರ್ಲಿ, ಆಮೇಲೆ ತಗೊಳ್ತೀವಿ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರಲ್ಲ, ಪಕ್ಕಾ ಅದೇ. ಈ ಗಂಟು ಬಿಡಿಸೋಕೆ ಒಂದೇ ದಾರಿ, ಯಾರಾದ್ರೂ ಒಬ್ಬರು ಮೊದಲು ನಷ್ಟ ಮಾಡ್ಕೊಂಡು ಕೂರ್ಬೇಕು, ಸಾಮಾನ್ಯವಾಗಿ ಅದು ಡಬ್ಬಿ ಮಾಡೋ ಕಂಪನಿ.

ನಾವೆಲ್ಲಾ ಕನ್ಸೋಲ್ ಕಂಪನಿ ಅಂದ್ರೆ ಕನ್ಸೋಲ್ ಮಾರಿ ಬದುಕುತ್ತೆ ಅಂದ್ಕೊಂಡಿರ್ತೀವಿ. ಸೋನಿಯ ಪ್ಲೇಸ್ಟೇಷನ್ 3 ಬಂದಿದ್ದು 2006ರಲ್ಲಿ, ಅದರ ಕಮ್ಮಿ ಮಾಡೆಲ್ ಬೆಲೆ 499 ಡಾಲರ್. ಐಸಪ್ಲೈ ಅನ್ನೋ ಸಂಸ್ಥೆ ಅದನ್ನ ಬಿಚ್ಚಿ ಒಂದೊಂದು ಭಾಗಕ್ಕೂ ಬೆಲೆ ಹಾಕಿ ಮಾಡೋ ಖರ್ಚೇ 805 ಡಾಲರ್ ಆಗುತ್ತೆ ಅಂತ ಅಂದಾಜು ಕೊಡ್ತು. ಅಂದ್ರೆ ಒಂದು ಡಬ್ಬಿ ಮಾರಿದ್ರೆ ಮುನ್ನೂರು ಡಾಲರ್ ಕೈಬಿಟ್ಟು ಹೋಗುತ್ತೆ, ಜಾಸ್ತಿ ಮಾರಿದಷ್ಟೂ ಜಾಸ್ತಿ ನಷ್ಟ. ಆ ಹಣಕಾಸು ವರ್ಷ ಸೋನಿಯ ಗೇಮ್ ವಿಭಾಗ 23,200 ಕೋಟಿ ಯೆನ್ ಮೇಲೆ ನಷ್ಟ ತೋರಿಸ್ತು. 2021ರಲ್ಲಿ ಎಪಿಕ್ ಅನ್ನೋ ಗೇಮ್ ಕಂಪನಿಗೂ ಆಪಲ್‌ಗೂ ಕೇಸ್ ನಡೀತಿದ್ದಾಗ ಮೈಕ್ರೋಸಾಫ್ಟ್ ಕಡೆಯಿಂದ ಬಂದವರು ಕೋರ್ಟಲ್ಲೇ ಹೇಳಿದ್ರು, ಎಕ್ಸ್‌ಬಾಕ್ಸ್ ಹಾರ್ಡ್‌ವೇರ್ ಮಾರಾಟದಲ್ಲಿ ನಮಗೆ ಯಾವತ್ತೂ ಲಾಭ ಬಂದಿಲ್ಲ ಅಂತ. ಎಲ್ಲರೂ ಹಿಂಗೇ ಅಂತಲ್ಲ, ನಿಂಟೆಂಡೊದವರು ವೀ ಅನ್ನೋ ಕನ್ಸೋಲನ್ನ 250 ಡಾಲರ್‌ಗೆ ತಂದು 10 ಕೋಟಿ ಮಾರಿದ್ರು, ಹಳೇ ಥರದ ಅಗ್ಗದ ಚಿಪ್ ಹಾಕಿ, ಆಡೋ ರೀತಿನೇ ಹೊಸದು ಮಾಡಿ. ಆದ್ರೆ ಅವರ ಹತ್ರ ಮಾರಿಯೋ ಇದ್ದಾನೆ, ನಿಮ್ಮ ಹತ್ರ ನಮ್ಮ ಹತ್ರ ಇಲ್ಲ.

ಕಳೆದಿದ್ದನ್ನ ವಾಪಸ್ ತೆಗೆಯೋದು ಗೇಮಲ್ಲಿ. ಅವರ ಅಂಗಡಿಯಲ್ಲಿ ಯಾರೇ ಗೇಮ್ ಮಾರಿದ್ರೂ ಸುಮಾರು 30 ಪರ್ಸೆಂಟ್ ಕಮಿಷನ್, ಡಿಸ್ಕಲ್ಲಿ ಮಾರಿದ್ರೆ ಡಿಸ್ಕ್‌ಗೆ ಇಷ್ಟು ಅಂತ ಲೈಸೆನ್ಸ್ ದುಡ್ಡು, ಅದರ ಮೇಲೆ ಆನ್‌ಲೈನ್ ಆಡೋಕೆ ಸಬ್‌ಸ್ಕ್ರಿಪ್ಷನ್. ನಾನೇ ಒಂದು ಲೆಕ್ಕ ಹಾಕ್ದೆ, ಸುಮ್ನೆ ಉದಾಹರಣೆಗೆ. ಡಬ್ಬಿಗೆ 100 ಡಾಲರ್ ನಷ್ಟ ಅಂದ್ಕೊಳ್ಳಿ, ಗೇಮ್ 60 ಡಾಲರ್, ಅದರಲ್ಲಿ 30 ಪರ್ಸೆಂಟ್ ಅಂದ್ರೆ 18. ಗಿರಾಕಿ ಆರು ಗೇಮ್ ಕೊಂಡ್ರೆ 108, ಅಲ್ಲಿಗೆ ಅಸಲು ಬಂತು, ಏಳನೇದರಿಂದ ಲಾಭ. ದೊಡ್ಡೋರಿಗೆ ಇದು ಸಾಧ್ಯ, ಅವರ ಅಂಗಡಿಯಲ್ಲಿ ಆರು ಒಳ್ಳೇ ಗೇಮ್ ಹುಡುಕೋದು ಕಷ್ಟ ಅಲ್ಲ. ನನ್ನ ಡಬ್ಬಿಲಿ ಗೇಮ್ ಬೆಲೆ ಹತ್ತು ಡಾಲರ್ ಆಸುಪಾಸು, ಕಮಿಷನ್ ಮೂರು ಡಾಲರ್, ಅದೇ 100 ವಾಪಸ್ ಬರೋಕೆ ನಾನು 34 ಗೇಮ್ ಕೊಳ್ಬೇಕು. ಅಂಗಡಿಯಲ್ಲಿ ಇರೋದೇ 38. ಹತ್ತು ಲಕ್ಷ ಡಬ್ಬಿ ಮಾರ್ತೀವಿ ಅಂದ್ರೆ ಹತ್ತು ಕೋಟಿ ಡಾಲರ್ ಮೊದಲೇ ಕೈಬಿಟ್ಟು ವರ್ಷಗಟ್ಟಲೆ ಕಾಯ್ಬೇಕು, ಯಾವ ಬ್ಯಾಂಕ್ ಕೊಡುತ್ತೆ ಇದಕ್ಕೆ?

ಹಂಗಾಗಿ ಸಣ್ಣ ಕಂಪನಿಗೆ ಡಬ್ಬಿ ಮೇಲೇ ನಾಲ್ಕು ಕಾಸು ಉಳಿಸ್ಕೊಳ್ದೇ ವಿಧಿಯಿಲ್ಲ. ಉಳಿಸ್ಬೇಕು ಅಂದ್ರೆ ಬೆಲೆ ಏರಿಸ್ಬೇಕು, ಇಲ್ಲಾ ಒಳಗಿನ ಸಾಮಾನು ಇಳಿಸ್ಬೇಕು. ಎರಡನ್ನೂ ಮಾಡಿ ನೋಡಿದೋರು ಇದ್ದಾರೆ.

ಬೆಲೆ ಏರಿಸಿದ್ದು 3ಡಿಒ ಅನ್ನೋ ಕಂಪನಿ. ಅದನ್ನ ಕಟ್ಟಿದ್ದು ಟ್ರಿಪ್ ಹಾಕಿನ್ಸ್ ಅಂತ, ಎಲೆಕ್ಟ್ರಾನಿಕ್ ಆರ್ಟ್ಸ್ ಅನ್ನೋ ದೊಡ್ಡ ಗೇಮ್ ಕಂಪನಿ ಶುರು ಮಾಡಿದ ಮನುಷ್ಯ, ಗೇಮ್ ವ್ಯಾಪಾರ ಒಳಗಿಂದ ಗೊತ್ತಿದ್ದೋನು. ಅವರ ಐಡಿಯಾ ಕೇಳಿದ್ರೆ ಇವತ್ತಿಗೂ ಸರಿ ಅನ್ಸುತ್ತೆ: ನಾವು ಡಿಸೈನ್ ಮಾತ್ರ ಮಾಡ್ತೀವಿ, ಡಬ್ಬಿನ ಪ್ಯಾನಾಸಾನಿಕ್, ಗೋಲ್ಡ್‌ಸ್ಟಾರ್, ಸ್ಯಾನ್ಯೋ ಇವರು ಮಾಡಿ ಮಾರ್ಲಿ, ಗೇಮ್ ಮಾಡೋರು ಒಂದು ಗೇಮ್‌ಗೆ 3 ಡಾಲರ್ ಕೊಟ್ರೆ ಸಾಕು, ಆವಾಗ ನಿಂಟೆಂಡೊ ಸೆಗಾ ತಗೊಳ್ತಿದ್ದುದಕ್ಕೆ ಹೋಲಿಸಿದ್ರೆ ಏನೂ ಅಲ್ಲ. ಡೆವಲಪರ್‌ಗಳು ಖುಷಿಯಾಗಿ ಬಂದ್ರು. ಆದ್ರೆ ಗೇಮಿಂದ ಬರೋ ದುಡ್ಡಲ್ಲಿ ಪ್ಯಾನಾಸಾನಿಕ್‌ಗೆ ಸಿಗೋದೇನು? ಅವರು ಡಬ್ಬಿನ ನಷ್ಟಕ್ಕೆ ಯಾಕೆ ಮಾರ್ತಾರೆ, ಅವರಿಗೆ ಅದು ಟಿವಿ, ಟೇಪ್ ರೆಕಾರ್ಡರ್ ಥರ ಇನ್ನೊಂದು ಸಾಮಾನು, ಖರ್ಚು ಕೂಡಿಸಿ ಲಾಭ ಇಟ್ಟು ಬೆಲೆ ಹಾಕಿದ್ರು. 1993ರಲ್ಲಿ 699 ಡಾಲರ್! ಜನ ಡಬ್ಬಿ ನೋಡಿ ಬಾಯಿ ಬಿಟ್ರು, ಬೆಲೆ ನೋಡಿ ಬಾಯಿ ಮುಚ್ಕೊಂಡು ಹೋದ್ರು. ಎರಡು ವರ್ಷಕ್ಕೆ 3ಡಿಒದವರು ಮುಂದಿನ ಕನ್ಸೋಲ್ ತಂತ್ರಜ್ಞಾನನ ಪ್ಯಾನಾಸಾನಿಕ್ ಮಾಲೀಕರಾದ ಮಾತ್ಸುಶಿತಾಗೆ 10 ಕೋಟಿ ಡಾಲರ್‌ಗೆ ಮಾರಿ ಹಾರ್ಡ್‌ವೇರ್ ಸಹವಾಸ ಬಿಟ್ರು, 2003ರಲ್ಲಿ ಕಂಪನಿನೇ ದಿವಾಳಿ. ಲಾಭ ಒಬ್ಬರದು, ನಷ್ಟ ಮಾತ್ರ ಇನ್ನೊಬ್ಬರು ಹೊರ್ಲಿ ಅಂದ್ರೆ ಯಾರು ಹೊರ್ತಾರೆ.

ಸಾಮಾನು ಇಳಿಸಿದ್ದು ಊಯಾ ಅನ್ನೋ ಕನ್ಸೋಲ್, ನನ್ನ ಡಬ್ಬಿಗೆ ಸ್ವಂತ ಅಣ್ಣ ಅನ್ನಬಹುದು. 2012ರಲ್ಲಿ ಕಿಕ್‌ಸ್ಟಾರ್ಟರ್ ಅನ್ನೋ, ಜನರಿಂದ ಮುಂಗಡ ದುಡ್ಡು ಎತ್ತೋ ವೆಬ್‌ಸೈಟಲ್ಲಿ 63,000 ಜನ ಸೇರಿ 85 ಲಕ್ಷ ಡಾಲರ್ ಮೇಲೆ ಕೊಟ್ರು, ಬೆಲೆ 99 ಡಾಲರ್, ಒಳಗೆ ಆಂಡ್ರಾಯ್ಡ್, ಫೋನ್ ಟ್ಯಾಬ್ಲೆಟಲ್ಲಿ ಬರ್ತಿದ್ದ ಟೆಗ್ರಾ 3 ಚಿಪ್. 85 ಲಕ್ಷ ಅಂದ್ರೆ ಕೇಳೋಕೆ ದೊಡ್ಡದು, ಆದ್ರೆ ಅದರಲ್ಲಿ ಬಹುಪಾಲು ಅದೇ ಜನಕ್ಕೆ ಡಬ್ಬಿ ಮಾಡಿ ಕಳಿಸೋಕೇ ಬೇಕಲ್ಲ, ಗೇಮ್ ಮಾಡಿಸೋಕೆ ಏನುಳೀತು? ಅದರ ಮೇಲೆ ಪ್ರತಿ ಗೇಮನ್ನೂ ಸ್ವಲ್ಪವಾದ್ರೂ ಫ್ರೀಯಾಗಿ ಆಡೋಕೆ ಕೊಡ್ಬೇಕು ಅಂತ ರೂಲ್ಸ್ ಮಾಡಿದ್ರು, ಆಡೋರಿಗೆ ಒಳ್ಳೇದೇ, ಆದ್ರೆ ಫ್ರೀ ಭಾಗ ಆಡಿ ಎದ್ದು ಹೋಗೋರೇ ಜಾಸ್ತಿ ಆದ್ರೆ ಡೆವಲಪರ್ ಗತಿ? 2013ರ ಜೂನಲ್ಲಿ ಅಂಗಡಿಗೆ ಬಂತು, 2015ಕ್ಕೆ ರೇಝರ್ ಕಂಪನಿ ಸಾಫ್ಟ್‌ವೇರ್ ಭಾಗ ಕೊಂಡ್ಕೊಳ್ತು, 2019ರ ಜೂನಲ್ಲಿ ಸರ್ವರ್ ಬಂದ್. ಆ ಕಿಕ್‌ಸ್ಟಾರ್ಟರ್ ಉತ್ಸಾಹನ ಜನ ಮಾರುಕಟ್ಟೆ ಅಂದ್ಕೊಂಡ್ರು. ಮೊದಲ ಅರವತ್ತು ಸಾವಿರ ಜನ ಯಾವಾಗ್ಲೂ ಸಿಗ್ತಾರೆ, ನನ್ನಂಥ ಹುಚ್ಚರು, ಹೊಸದು ಅಂದ್ರೆ ಕಾರ್ಡ್ ತೆಗೆಯೋರು. ಅವರ ನಂತರದ ಹತ್ತು ಲಕ್ಷ ಜನ ಬೇರೆ ಥರದೋರು, ಪಕ್ಕದ ಮನೆ ಹುಡುಗ ಏನಾಡ್ತಿದ್ದಾನೋ ಅದನ್ನೇ ಆಡೋಕೆ ಡಬ್ಬಿ ತಗೊಳ್ಳೋರು.

ಹಂಗಾದ್ರೆ ಹೊಸಬರು ಯಾರೂ ಒಳಗೆ ಬಂದೇ ಇಲ್ವಾ ಅಂದ್ರೆ ಬಂದಿದ್ದಾರೆ. ಸೋನಿ 1994ರಲ್ಲಿ, ಮೈಕ್ರೋಸಾಫ್ಟ್ 2001ರಲ್ಲಿ. ಎಲ್ಲರೂ ದುಡ್ಡಿತ್ತು ಬಂದ್ರು ಅಂತ ಮುಗಿಸ್ಬಿಡ್ತಾರೆ, ಆದ್ರೆ ಸೋನಿ ಕಥೆಲಿ ದುಡ್ಡಿಗಿಂತ ಮಜಾ ಇರೋದು ಬೇರೆ ಕಡೆ. ಆಗ ನಿಂಟೆಂಡೊ ಗೇಮ್ ಅಂದ್ರೆ ಕಾರ್ಟ್ರಿಡ್ಜ್ (ಒಳಗೆ ಚಿಪ್ ಇರೋ ಪ್ಲಾಸ್ಟಿಕ್ ಬಿಲ್ಲೆ), ಅದನ್ನ ನಿಂಟೆಂಡೊನೇ ಮಾಡಿ ಕೊಡ್ತಿತ್ತು, ಗೇಮ್ ಮಾರೋ ಪಬ್ಲಿಷರ್ ಮುಂಗಡ ದುಡ್ಡು ಕಟ್ಟಿ ಆರ್ಡರ್ ಕೊಡ್ಬೇಕು, ವಾರಗಟ್ಟಲೆ ಕಾಯ್ಬೇಕು, ಮಾರಾಟ ಆಗ್ದೇ ಉಳಿದ್ರೆ ಅದು ಪಬ್ಲಿಷರ್ ತಲೆ ಮೇಲೆ. ಅದಕ್ಕೂ ಮುಂಚೆ ಎನ್‌ಇಎಸ್ ಅನ್ನೋ ನಿಂಟೆಂಡೊದ ಹಳೇ ಕನ್ಸೋಲ್ ಕಾಲದಲ್ಲಂತೂ ಒಂದು ಕಂಪನಿ ವರ್ಷಕ್ಕೆ ಐದೇ ಗೇಮ್ ತರ್ಬೇಕು, ತಂದಿದ್ದನ್ನ ಎರಡು ವರ್ಷ ಬೇರೆ ಕನ್ಸೋಲ್‌ಗೆ ಕೊಡೋ ಹಂಗಿಲ್ಲ, ಅನುಮತಿ ಇಲ್ದೆ ಯಾರಾದ್ರೂ ಗೇಮ್ ಹಾಕಿದ್ರೆ ಓಡದೇ ಇರೋ ಹಾಗೆ ಡಬ್ಬಿ ಒಳಗೇ ಒಂದು ಬೀಗದ ಚಿಪ್. ಸೋನಿ ಸಿಡಿ ತಂತು, ಒತ್ತೋಕೆ ಒಂದೆರಡು ಡಾಲರ್, ಬೇಗ ಆಗುತ್ತೆ, ಖಾಲಿಯಾದ್ರೆ ಮತ್ತೆ ಒತ್ತಿಸ್ಕೋ. ಪಬ್ಲಿಷರ್ ಎದೆ ಮೇಲಿದ್ದ ಕಲ್ಲು ಇಳಿಸಿದ ಹಂಗಾಯ್ತು. ನ್ಯಾಮ್ಕೋ ಅನ್ನೋ ಗೇಮ್ ಕಂಪನಿ ಮೊದಲೇ ಜೊತೆಗಿತ್ತು, 1993ರಲ್ಲೇ ಸಿಗ್ನೋಸಿಸ್ ಅನ್ನೋ ಸ್ಟುಡಿಯೋನ ಸೋನಿ ಕೊಂಡ್ಕೊಂಡಿತ್ತು, ಅಂದ್ರೆ ಡಬ್ಬಿ ಬರೋಕೆ ಮುಂಚೆ ಗೇಮ್ ಮಾಡೋರು ರೆಡಿ. 1995ರ ಇ3 ಅನ್ನೋ ಗೇಮ್ ಮೇಳದಲ್ಲಿ ಸೆಗಾದವರು ತಮ್ಮ ಕನ್ಸೋಲ್ ಸ್ಯಾಟರ್ನ್ 399 ಡಾಲರ್ ಅಂತ ಘೋಷಣೆ ಮಾಡಿದ್ರು, ಆಮೇಲೆ ಸೋನಿಯವರು ಒಬ್ಬರು ವೇದಿಕೆಗೆ ಬಂದು "299" ಅಂತಷ್ಟೇ ಹೇಳಿ ಇಳಿದು ಹೋದ್ರು. ನನಗೆ ಇದಕ್ಕಿಂತ ಚೊಕ್ಕ ಭಾಷಣ ಗೊತ್ತಿಲ್ಲ.

ಮೈಕ್ರೋಸಾಫ್ಟ್ ಕಥೆ ಶುದ್ಧ ದುಡ್ಡಿನದು. ಮೊದಲ ಎಕ್ಸ್‌ಬಾಕ್ಸ್ ಒಳಗಡೆ ಇಂಟೆಲ್ ಪ್ರೊಸೆಸರ್, ಎನ್ವಿಡಿಯಾ ಚಿಪ್, ಹಾರ್ಡ್‌ಡಿಸ್ಕ್, ಅಂದ್ರೆ ಹೆಚ್ಚುಕಮ್ಮಿ ಕಂಪ್ಯೂಟರ್. ಚಿಪ್ ಡಿಸೈನ್ ತಮ್ಮದಲ್ಲ, ಹಂಗಾಗಿ ವರ್ಷ ಕಳೆದಂಗೆ ಖರ್ಚು ಇಳಿಸೋಕೆ ಆಗ್ಲಿಲ್ಲ, ಬೆಲೆ ವಿಚಾರದಲ್ಲಿ ಎನ್ವಿಡಿಯಾ ಜೊತೆ ಜಗಳ ಪಂಚಾಯ್ತಿವರೆಗೂ ಹೋಯ್ತು. 2.4 ಕೋಟಿ ಡಬ್ಬಿ ಮಾರಿದ್ರು, ಆದ್ರೂ ನಷ್ಟವೇ. ಹೇಲೋ ಅನ್ನೋ ಗೇಮ್ ಮಾಡಿದ ಬಂಜಿ ಸ್ಟುಡಿಯೋನೇ 2000ದಲ್ಲಿ ಕೊಂಡ್ಕೊಂಡಿದ್ರು, ಅದೊಂದಿಲ್ಲದಿದ್ರೆ ಎರಡನೇ ಎಕ್ಸ್‌ಬಾಕ್ಸ್ ಬರ್ತಿತ್ತಾ ಅನ್ನೋದೇ ಡೌಟು. ಆ ಎರಡನೇದು ಕೆಂಪು ಲೈಟ್ ಉರಿದು ಕೈಕೊಡೋಕೆ ಶುರುವಾದಾಗ, 2007ರಲ್ಲಿ, ರಿಪೇರಿಗೆ ಅಂತಾನೇ 100 ಕೋಟಿ ಡಾಲರ್‌ಗಿಂತ ಜಾಸ್ತಿ ಎತ್ತಿಟ್ರು. ನನ್ನ ಡಬ್ಬಿ ಕಂಪನಿಗೆ ಒಂದು ಸ್ಟಿಕ್ ವಾಲೋದು ಸರಿ ಮಾಡಿಸೋಕೇ ಉಸಿರು ಹಿಡೀತಿದೆ.

ಹಾಗಂತ ದುಡ್ಡಿದ್ದೋರೆಲ್ಲಾ ಗೆದ್ದಿಲ್ಲ. ಗೂಗಲ್ ಸ್ಟೇಡಿಯಾ, ಡಬ್ಬಿ ಇಲ್ದೆ ಇಂಟರ್ನೆಟ್ ಮೇಲೇ ಗೇಮ್ ಆಡಿಸೋ ಸೇವೆ, 2019ರ ನವೆಂಬರಲ್ಲಿ ಬಂತು, ಸ್ವಂತ ಗೇಮ್ ಮಾಡೋ ಸ್ಟುಡಿಯೋಗಳನ್ನ 2021ರ ಫೆಬ್ರವರಿಯಲ್ಲೇ ಮುಚ್ಚಿದ್ರು, 2023ರ ಜನವರಿ 18ಕ್ಕೆ ಅಂಗಡಿನೇ ಬಂದ್. ಒಂದು ಮಾತು ಹೇಳ್ಬೇಕು, ಜನ ಕೊಂಡಿದ್ದ ಗೇಮ್ ದುಡ್ಡು ವಾಪಸ್ ಕೊಟ್ರು, ಕಂಟ್ರೋಲರನ್ನ ಬ್ಲೂಟೂತಲ್ಲಿ ಬೇರೆ ಕಡೆ ಬಳಸೋ ಹಾಗೆ ಮಾಡಿಕೊಟ್ರು. ದುಡ್ಡಿತ್ತು, ನಾಲ್ಕೈದು ವರ್ಷ ತಾಳ್ಮೆಯಿಂದ ಕಳ್ಕೊಳ್ಳೋ ಮನಸ್ಸಿರ್ಲಿಲ್ಲ. ಸೆಗಾ ಕಥೆ ಉಲ್ಟಾ, ಮನಸ್ಸಿತ್ತು, ದುಡ್ಡಿರ್ಲಿಲ್ಲ. ಡ್ರೀಮ್‌ಕಾಸ್ಟ್ ಎಷ್ಟು ಒಳ್ಳೇ ಡಬ್ಬಿ, 1999ರಲ್ಲಿ ಅಮೆರಿಕದಲ್ಲಿ 199 ಡಾಲರ್, ಆದ್ರೆ ಎಲೆಕ್ಟ್ರಾನಿಕ್ ಆರ್ಟ್ಸ್ ಕೈಕಟ್ಟಿ ಕೂತ್ಬಿಡ್ತು, ಅವರ ಕ್ರೀಡೆ ಗೇಮ್‌ಗಳು ಒಂದೂ ಬರ್ಲಿಲ್ಲ, ಜನ ಪ್ಲೇಸ್ಟೇಷನ್ 2 ಬರ್ಲಿ ಅಂತ ಕಾದ್ರು, 2001ರ ಮಾರ್ಚಿಗೆ ಸೆಗಾ ಕನ್ಸೋಲ್ ಮಾಡೋದೇ ನಿಲ್ಲಿಸ್ತು. 90 ಲಕ್ಷ ಡಬ್ಬಿ ಮಾರಿದ ಕಂಪನಿಗೇ ಈ ಗತಿ.

ನನ್ನ ಕೇಳಿದ್ರೆ ಈಗ ಒಳಗೆ ಬರೋಕಿರೋ ದಾರಿ ಹಿಂಬಾಗಿಲು. ಕಂಪ್ಯೂಟರ್ ಗೇಮ್ ಮಾರೋ ಸ್ಟೀಮ್ ಅನ್ನೋ ಆನ್‌ಲೈನ್ ಅಂಗಡಿ ನಡೆಸೋ ವಾಲ್ವ್ ಕಂಪನಿ 2015ರಲ್ಲಿ ಸ್ಟೀಮ್ ಮಷೀನ್ ಅಂತ ಬೇರೆಯವರ ಕೈಲಿ ಡಬ್ಬಿ ಮಾಡಿಸಿ ಸೋತಿತ್ತು, ಅದರೊಳಗೆ ವಿಂಡೋಸ್ ಬದಲು ಇದ್ದ ಲಿನಕ್ಸಲ್ಲಿ ಓಡೋ ಗೇಮೇ ಸಾಲ್ತಿರ್ಲಿಲ್ಲ. ಆಮೇಲೆ ಸದ್ದಿಲ್ದೆ ಪ್ರೋಟಾನ್ ಅಂತ ಒಂದು ಸಾಫ್ಟ್‌ವೇರ್ ಬೆಳೆಸ್ತು, ವಿಂಡೋಸ್‌ಗೆ ಅಂತ ಮಾಡಿದ ಗೇಮ್ ಅಲ್ಲೂ ಓಡ್ಲಿ ಅಂತ. 2022ರಲ್ಲಿ ಸ್ಟೀಮ್ ಡೆಕ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಡಬ್ಬಿ ಬಂದಾಗ ಯಾವ ಡೆವಲಪರ್ ಕಾಲು ಹಿಡಿಯೋ ಅವಶ್ಯಕತೆನೇ ಇರ್ಲಿಲ್ಲ, ಜನ ಈಗಾಗಲೇ ಕೊಂಡಿದ್ದ ಗೇಮ್‌ಗಳೇ ಅದರಲ್ಲಿ ಬಂದು ಕೂತ್ವು. ಮದುವೆನೂ ಆಯ್ತು ಹುಚ್ಚೂ ಬಿಡ್ತು. 399 ಡಾಲರ್ ಬೆಲೆ ಇಡೋಕೆ ನೋವಾಯ್ತು ಅಂತ ಅವರ ಯಜಮಾನರೇ ಹೇಳಿದ್ರು, ಆದ್ರೆ ಸ್ಟೋರ್ ಕಮಿಷನ್ ಬರ್ತಿರೋರಿಗೆ ಆ ನೋವು ತಡ್ಕೊಳ್ಳೋದು ಸುಲಭ. ಇನ್ನೊಂದು ದಾರಿ ಪ್ಲೇಡೇಟ್ ಥರದ್ದು, ಅಂಗೈಯಷ್ಟು ಹಳದಿ ಡಬ್ಬಿ, ಕಪ್ಪು ಬಿಳುಪು ಪರದೆ, ಪಕ್ಕದಲ್ಲಿ ತಿರುಗಿಸೋ ಹಿಡಿ, ಜೊತೆಗೇ 24 ಗೇಮ್ ವಾರಕ್ಕೆರಡರಂತೆ. ಯಾರ ಜೊತೆಗೂ ಪೈಪೋಟಿ ಇಲ್ಲ, ಸಣ್ಣದಾಗಿ ಮಾಡ್ತೀವಿ ಸಣ್ಣದಾಗಿ ಮಾರ್ತೀವಿ ಅನ್ನೋ ಲೆಕ್ಕ. ನಾನು ತಗೊಂಡಿರೋ ಡಬ್ಬಿ ಎರಡೂ ಅಲ್ಲ, ದೊಡ್ಡೋರ ಜೊತೆ ಕುಸ್ತಿಗೆ ಇಳಿದಿದೆ, ಅಖಾಡ ಅವರದೇ, ರೆಫ್ರಿನೂ ಅವರೇ.

ಕೊನೆಗೆ ಸಪೋರ್ಟ್ ವಿಷಯ. ನಿಮ್ಮ ಸರ್ವರ್ ಮುಂದೊಂದಿನ ನಿಂತ್ರೆ ನಾನು ಕೊಂಡಿರೋ ಎರಡು ಗೇಮ್ ಓಡುತ್ತಾ ಅಂತ ಮೇಲ್ ಹಾಕಿದ್ದೆ. ಯಾಕಂದ್ರೆ ಇಂಟರ್ನೆಟ್ ಕಿತ್ತು ನೋಡಿದ್ದೀನಿ, ಪಝಲ್ ಓಡುತ್ತೆ, ಕಾರ್ ರೇಸ್ ಲಾಗಿನ್ ಪರದೆಲೇ ನಿಲ್ಲುತ್ತೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು, ನಿಮ್ಮ ಪ್ರಶ್ನೆನ ತಂಡಕ್ಕೆ ತಿಳಿಸಿದ್ದೇವೆ ಅಂತ. ಅಷ್ಟೇ. ಇದಕ್ಕೆ ಮಾತ್ರ ನಾನು ಸ್ಟಾರ್ ಕಳೀತೀನಿ, ಗೇಮ್ ಕಮ್ಮಿ ಇರೋದು ಅವರ ಕೈಮೀರಿದ್ದು, ಸರ್ವರ್ ಇಲ್ದೇನೂ ಓಡೋ ಹಾಗೆ ಮಾಡೋದು ಅವರ ಕೈಯಲ್ಲೇ ಇರೋದು.

ತಗೊಳ್ಳೋದಾ ಬೇಡ್ವಾ ಅಂತ ಕೇಳೋರಿಗೆ: ಮನೇಲಿ ಬೇರೆ ಕನ್ಸೋಲೋ ಗೇಮ್ ಆಡೋ ಕಂಪ್ಯೂಟರೋ ಇದ್ದು, ಬಿಚ್ಚಿ ಜೋಡಿಸೋ ಹುಚ್ಚಿದ್ರೆ ತಗೊಳ್ಳಿ, ಡಬ್ಬಿ ಮಜಾ ಇದೆ. ಒಂದೇ ಒಂದು ಕನ್ಸೋಲ್ ತಗೊಳ್ಳೋಕೆ ದುಡ್ಡು ಕೂಡಿಟ್ಟಿದ್ರೆ, ಅದೂ ಮಕ್ಕಳಿಗೆ ಅಂದ್ರೆ, ಬೇಡ. ಒಟ್ಟು 2 ಸ್ಟಾರ್. ನಾನಂತೂ ಮಾರಲ್ಲ, ಕಂಟ್ರೋಲರ್ ಲ್ಯಾಪ್‌ಟಾಪ್‌ಗೆ ಕನೆಕ್ಟ್ ಮಾಡ್ಕೊಂಡು ಆಡ್ತಿದ್ದೀನಿ, ಶನಿವಾರ ರಾತ್ರಿ ಒಂದರ್ಧ ಗಂಟೆ ಡಬ್ಬಿ ಆನ್ ಮಾಡಿ ಕಾರ್ ರೇಸಿಗೆ ಹೋಗ್ತೀನಿ, ಆ ಒಬ್ಬ ಕಾಯ್ತಿರ್ತಾನೆ. ಸ್ಟಿಕ್ ಬದಲಾಯಿಸಿ ಕೊಡ್ತೀವಿ ಅಂದಿದ್ದಾರೆ, ಬಂದ್ರೆ ಇಲ್ಲೇ ಅಪ್ಡೇಟ್ ಹಾಕ್ತೀನಿ.